ಹೊರಬೀಡಿನ ದಿನ ಹೊಸಲು ಎಲ್ಲಿರುತ್ತದೆ

ಮುತ್ತಗದಹಟ್ಟಿ, ಬಿಳಿಚೋಡು ಹತ್ತಿರ
ಜಗಳೂರು ತಾಲ್ಲೂಕು
೯ ಜುಲೈ ೨೦೨೫, ಬುಧವಾರ

ನನ್ನ ಮುದ್ದು ರಮ್ಯಾ,

ಹೇಗಿದ್ದೀಯೆ? ಬೆನ್ನುನೋವು ಇಳಿಯಿತೆ? "ಚೆನ್ನಾಗಿದ್ದೀನಿ" ಎಂದು ಒಂದು ಸಾಲು ಬರೆದು ಮುಂದಕ್ಕೆ ಹಾರುವುದು ನಿನ್ನ ಚಾಳಿ. ಅದಕ್ಕೇ ಬಿಡಿಸಿ ಕೇಳುತ್ತಿದ್ದೇನೆ. ಶಾಲೆಯಲ್ಲಿ ನಿಂತು ಪಾಠ ಮಾಡುವಾಗ ನೋಯುತ್ತದೆಯೋ, ಪುಟ್ಟಿಯನ್ನು ಎತ್ತಿಕೊಂಡಾಗ ನೋಯುತ್ತದೆಯೋ? ಎತ್ತಿಕೊಂಡಾಗ ಎಂದಾದರೆ ಎಡ ಸೊಂಟ ಬಲ ಸೊಂಟ ಬದಲಾಯಿಸುತ್ತಿರು. ಪುಟ್ಟಿಗೆ ಹಲ್ಲು ಮೂಡುವ ಕಾಲ, ಹೊಟ್ಟೆ ಕೆಟ್ಟರೆ ಹೆದರಬೇಡ. ನ್ಯಾಮತಿಯ ಕಡೆ ಮಳೆ ಚೆನ್ನಾಗಿ ಹಿಡಿದಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಅಳಿಯಂದಿರು ಛತ್ರಿ ಮರೆಯುವವರು ಎಂದು ನೀನೇ ಬರೆದಿದ್ದೆ, ಅವರ ಶೀತ ಹೋಯಿತೆ? ಇಲ್ಲಿ ಮಳೆ ಹೆಸರಿಗೆ ಮಾತ್ರ, ಆಷಾಢದ ಗಾಳಿಯದೇ ದರ್ಬಾರು. ಆದರೂ ಮೆಕ್ಕೆಜೋಳ ಮೊಣಕಾಲಿನ ಮಟ್ಟ ಬಂದಿದೆ, ಹಸಿರಾಗಿದೆ. ನನ್ನ ಮಂಡಿ ಹಾಗೇ ಇದೆ, ಬಸ್ಸು ಹತ್ತಲು ಬಿಡುವುದಿಲ್ಲ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಹತ್ತಿರ ಬಂದು ಗಟ್ಟಿಯಾಗಿ ಹೇಳಿದರೆ ಕೇಳುತ್ತದೆ. ಫೋನು ಕಿವಿಗೆ ಹಿಡಿದರೆ ಯಾರೋ ದೂರದಲ್ಲಿ ಜೋಳ ತೂರಿದ ಹಾಗೆ ಸದ್ದು, ಅಷ್ಟೇ. ಹಾಗಾಗಿ ನನ್ನ ಪಾಲಿಗೆ ಈ ಕಾಗದವೇ ಫೋನು.

ಬರುವ ಮಂಗಳವಾರ ನಮ್ಮೂರಲ್ಲಿ ಹೊರಬೀಡು. ಇದು ನಿನಗೆ ಹೊಸ ಸುದ್ದಿಯಲ್ಲ. ನಿಮ್ಮಮ್ಮ ಸೋಮವಾರ ಫೋನು ಮಾಡಿ ಹೇಳಿದ್ದಾಳೆ. ಹೇಳಿ, ಅದರ ಹಿಂದೆಯೇ "ನೀನು ಬರಬ್ಯಾಡ" ಎಂದೂ ಅಂದಳಂತೆ. ಯಾಕೆ ಎಂದು ನೀನು ಕೇಳಿದೆಯಂತೆ, ಅವಳು ಹಾಲು ಉಕ್ಕಿತು ಎಂದು ಫೋನು ಇಟ್ಟಳಂತೆ. ಆ ಹೊತ್ತಿನಲ್ಲಿ ಒಲೆಯ ಮೇಲೆ ಹಾಲೇ ಇರಲಿಲ್ಲ. ನೀನು ಅಲ್ಲಿ ಕೂತು ಏನೇನು ಅಂದುಕೊಂಡಿರುತ್ತೀಯೆ ಎಂದು ನನಗೆ ಗೊತ್ತು: ಇದು ಅಪ್ಪಾಜಿಯ ಮಾತು, ಅಮ್ಮನ ಬಾಯಲ್ಲಿ ಬಂತು ಎಂದು. ಅಲ್ಲ. ನಡೆದದ್ದು ಅದಕ್ಕೆ ಪೂರ್ತಿ ತಿರುಗುಮುರುಗು. ಅದನ್ನು ಬರೆಯಲೆಂದೇ ಕೂತಿದ್ದೇನೆ. ಅಳಿಯಂದಿರಿಗೂ ಓದಿ ಹೇಳು. ಬಸವಾಪಟ್ಟಣದ ಅವರ ಮನೆಯಲ್ಲಿ ಹೊರಬೀಡು ಎಂದರೆ ಏನೆಂದು ಯಾರಿಗೂ ತಿಳಿಯದೆ, ನೀನು ವಿವರಿಸಿದಾಗ ಎಲ್ಲರೂ ನಕ್ಕರು ಎಂದು ಬರೆದಿದ್ದೆಯಲ್ಲ, ಅದಕ್ಕೆ ಅವರ ಸಲುವಾಗಿ ಮೊದಲಿನಿಂದ ಹೇಳುತ್ತೇನೆ.

ಮೂರು ವರ್ಷಕ್ಕೊಮ್ಮೆ ಆಷಾಢದ ಒಂದು ಮಂಗಳವಾರ ನಮ್ಮೂರು ಊರಾಗಿರುವುದಿಲ್ಲ. ಹೊತ್ತು ಮೂಡುವ ಮುಂಚೆ ಒಲೆಗೆ ನೀರು ಚಿಮುಕಿಸಿ, ದೀಪ ಆರಿಸಿ, ಬೀಗ ಹಾಕಿ, ದನ ಕರು ಕುರಿ ಕೋಳಿ ಸಮೇತ ಎಲ್ಲರೂ ಊರಾಚೆ ಹೊಲಗಳಿಗೆ ಹೋಗುತ್ತೇವೆ. ಜಾತಿ ಮತ ನೋಡುವುದಿಲ್ಲ, ಮಸೀದಿ ಓಣಿಯವರೂ ಬರುತ್ತಾರೆ. ಹಗಲೆಲ್ಲ ಅಲ್ಲೇ ಅಡುಗೆ, ಅಲ್ಲೇ ಊಟ. ಆ ದಿನ ಊರಮ್ಮ ಒಬ್ಬಳೇ ಖಾಲಿ ಓಣಿಗಳಲ್ಲಿ ಓಡಾಡಿ, ರೋಗ ರುಜಿನ ಗುಡಿಸಿಕೊಂಡು ಹೋಗುತ್ತಾಳೆ ಎಂದು ನಂಬಿಕೆ. ಅವಳು ಓಡಾಡುವಾಗ ಊರೊಳಗೆ ಉಸಿರಿನ ಸದ್ದು ಕೂಡ ಇರಬಾರದು. ಸಂಜೆ ದನಗಳನ್ನು ಮುಂದೆ ಬಿಟ್ಟು ಎಲ್ಲರೂ ಒಟ್ಟಿಗೆ ಒಳಗೆ ಬರುತ್ತೇವೆ. ಬೆಳಗ್ಗೆ ಎಲ್ಲ ಮನೆಯ ಒಲೆ ತಣ್ಣಗಿದೆಯೇ ಎಂದು ನೋಡುವುದು, ಎಲ್ಲರೂ ದಾಟಿದ ಮೇಲೆ ಊರ ಬಾಯಿಗೆ ಜಾಲಿಮುಳ್ಳು ಎಳೆಯುವುದು, ಸಂಜೆ ಅದನ್ನು ತೆಗೆಯುವುದು ನಮ್ಮ ಮನೆತನದ ಕೆಲಸ. ನಿಮ್ಮ ತಾತ ಮಾಡಿದರು, ಈಗ ನಿಮ್ಮಪ್ಪ ಮಾಡುತ್ತಾನೆ. ಬಾಲಿ ಎಂಬ ದ್ವೀಪದಲ್ಲಿ ಇದಕ್ಕೆ ಉಲ್ಟಾ ಹಬ್ಬವಿದೆ, ಒಂದು ದಿನ ಯಾರೂ ಮನೆಯಿಂದ ಹೊರಗೆ ಬರುವಂತಿಲ್ಲ, ಬೆಂಕಿ ದೀಪ ಹಚ್ಚುವಂತಿಲ್ಲ, ವಿಮಾನ ಸಹ ಹಾರುವುದಿಲ್ಲ, ದ್ವೀಪ ಖಾಲಿ ಎಂದುಕೊಂಡು ದೆವ್ವಗಳು ದಾಟಿ ಹೋಗುತ್ತವೆ ಎಂದು ನೀನು ಬರೆದಿದ್ದನ್ನು ಮಸೀದಿ ಓಣಿಯ ಇಮಾಮ್‌ಬೀಗೆ ಓದಿ ಹೇಳಿದೆ. ಅವಳು ಕೌದಿ ಹೊಲಿಯುತ್ತಿದ್ದಳು. "ಅವ್ರು ಒಳಗೆ ಅಡಗ್ತಾರೆ, ನಾವು ಹೊರಗೆ ಅಡಗ್ತೀವಿ. ಹೆದ್ರಿಕೆ ಒಂದೇ ನೋಡ್ರಿ ಅಕ್ಕಾ" ಎಂದಳು. ಅಲ್ಲಿ ಯಾರದಾದರೂ ಮನೆಯಲ್ಲಿ ಕುಕ್ಕರು ಕೂಗಿದರೆ ಏನು ಮಾಡುತ್ತಾರೆ ಎಂದು ನೀನು ಬರೆಯಲಿಲ್ಲ.

ಅಳಿಯಂದಿರಿಗೆ ಆ ಕುಕ್ಕರಿನ ಕಥೆಯನ್ನು ನೀನು ಎಷ್ಟು ಹೇಳಿದ್ದೀಯೋ ಗೊತ್ತಿಲ್ಲ. ಕಳೆದ ಹೊರಬೀಡಿನ ಬೆಳಗ್ಗೆ ನನಗೆ ಜ್ವರ. ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡೇ ಹೊಲಕ್ಕೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಆ ಗಾಳಿಯಲ್ಲಿ ನನ್ನ ಹಲ್ಲು ಕಟಕಟ ಎನ್ನತೊಡಗಿತು. ನೀನು ಯಾರನ್ನೂ ಕೇಳಲಿಲ್ಲ. ಸ್ಕೂಟಿಯ ಹಿಂದೆ ಕೂರಿಸಿ, ನನ್ನ ಸೆರಗನ್ನು ನಿನ್ನ ಸೊಂಟಕ್ಕೆ ಬಿಗಿದುಕೊಂಡು, ಖಾಜಾಸಾಬರ ಹಿತ್ತಲ ದಾರಿಯಿಂದ ಊರೊಳಗೆ ತಂದೆ. ಮಲಗಿಸಿದೆ, ಹೊದಿಸಿದೆ, ಗಂಜಿಗೆ ಇಟ್ಟೆ. ಗ್ಯಾಸಿನ ಒಲೆ, ಹೊಗೆ ಏಳುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸರಿಯಾಗಿಯೇ ಯೋಚಿಸಿದ್ದೆ. ಆದರೆ ರೂಢಿಯಾದ ಕೈ, ದಿನಾ ಇಟ್ಟಂತೆ ಕುಕ್ಕರಿನ ಮೇಲೆ ವೆಯ್ಟು ಇಟ್ಟುಬಿಟ್ಟಿತು. ಊರಲ್ಲಿ ನಾಯಿ ಇಲ್ಲ, ಕೋಳಿ ಇಲ್ಲ, ಟೀವಿ ಇಲ್ಲ. ಗಾಳಿಯೋ ಊರಿನಿಂದ ಹೊಲದ ಕಡೆಗೇ ಬೀಸುತ್ತಿತ್ತು. ಇಡೀ ಊರು ಎಲೆಯ ಮುಂದೆ ಕೂತಿದ್ದಾಗ ನಮ್ಮ ಮನೆಯ ಸೀಟಿ ಎಲ್ಲರಿಗೂ ಕೇಳಿಸಿತಂತೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ನನಗೊಬ್ಬಳಿಗೇ ಕೇಳಿಸಲಿಲ್ಲ. ಅನ್ನ ಕಲೆಸುತ್ತಿದ್ದವರ ಕೈ ಅಲ್ಲಲ್ಲೇ ನಿಂತವಂತೆ. ಎರಡನೆಯ ಸೀಟಿಗೆ ನಿಮ್ಮಪ್ಪನ ಗೆಳೆಯ ಆ ರೇವಣ್ಣ, ಸುಮ್ಮನಿರಬಾರದೆ, "ಜಯದೇವಣ್ಣ, ಅಮ್ಮಾರು ನಿನ್ ಮನ್ಯಾಗೆ ಅಡುಗೆಗೆ ಇಟ್ಟಂಗೈತೆ. ಬ್ಯಾಳೆ ಬೆಂದ್ವು, ಇಳ್ಸಾಕೆ ಹೋಗ್ತೀಯೋ ಹೆಂಗೆ?" ಎಂದನಂತೆ. ಹೊಲಕ್ಕೆ ಹೊಲವೇ ನಕ್ಕಿತಂತೆ. ಬೆಳಗ್ಗೆ ಮನೆಮನೆಗೆ ಹೋಗಿ ಒಲೆ ಮುಟ್ಟಿ ನೋಡಿದ ಮನುಷ್ಯ ನಿಮ್ಮಪ್ಪ. ಅವನ ಮನೆಯ ಒಲೆಯೇ ಉರಿಯುತ್ತಿತ್ತು.

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಊರು ಒಳಗೆ ಬಂದಾಗ ಹಿರಿಯರು ನಮ್ಮ ಬಾಗಿಲ ಮುಂದೆ ನಿಂತರು. ಅಲ್ಲಿ ನೀನು, "ಹೊಸಲು ದೊಡ್ಡದೋ ಅಜ್ಜಿ ದೊಡ್ಡೋಳೋ ಅಪ್ಪಾಜಿ?" ಎಂದು ಕೇಳಿದೆ. ಅವನು ಅಷ್ಟು ಜನರ ಎದುರಿಗೆ, "ಊರು ಕಾಯೋ ಮನೆ ಇದು. ಇನ್ನು ನೀನು ಈ ಹೊಸಲು ತುಳೀಬ್ಯಾಡ" ಎಂದ. ಆ ರಾತ್ರಿ ನೀನು ಇಮಾಮ್‌ಬೀ ಮನೆಯಲ್ಲಿ ಮಲಗಿ, ಬೆಳಗ್ಗೆ ಹೊನ್ನಾಳಿಗೆ, ನಿನ್ನ ಸೋದರತ್ತೆ ಪ್ರೇಮಮ್ಮನ ಮನೆಗೆ ಹೊರಟುಹೋದೆ. ಆಮೇಲೆ ಊರಿನ ಹಸುಗಳಿಗೆ ಚರ್ಮಗಂಟು ರೋಗ ಬಂತು. ಎಲ್ಲ ಊರಿಗೂ ಬಂದಿತ್ತು, ಆದರೆ ನಮ್ಮೂರಲ್ಲಿ ಅದಕ್ಕೆ ಸೀಟಿಯ ರೋಗ ಎಂದೇ ಹೆಸರಾಯಿತು. ಅದರಿಂದ ಅವನ ಮಾತು ಇನ್ನಷ್ಟು ಗಟ್ಟಿಯಾಯಿತು. ನಿಮ್ಮಪ್ಪನ ಮಾತಿನ ವಿಷಯ ಅಳಿಯಂದಿರಿಗೆ ಗೊತ್ತಾಗಲಿ ಎಂದು ಒಂದು ಸಂಗತಿ ಬರೆಯುತ್ತೇನೆ. ಹಿಂದೆ ಯಾವುದೋ ಸಿಟ್ಟಿನಲ್ಲಿ ರೇವಣ್ಣನ ಬೈಕು ಹತ್ತುವುದಿಲ್ಲ ಎಂದಿದ್ದ. ಸಿಟ್ಟು ಆವತ್ತೇ ಇಳಿಯಿತು, ಇಬ್ಬರೂ ಸಂತೆಗೆ ಜೊತೆಯಾಗಿಯೇ ಹೋಗುತ್ತಾರೆ. ಆದರೆ ಮಾತು ಮಾತೇ. ಬಿಳಿಚೋಡಿನಿಂದ ಬರುವಾಗ ಇವನು ನಡೆಯುತ್ತಾನೆ, ರೇವಣ್ಣ ಬೈಕು ತಳ್ಳಿಕೊಂಡು ಪಕ್ಕದಲ್ಲಿ ಹರಟೆ ಹೊಡೆಯುತ್ತ ಬರುತ್ತಾನೆ.

ನಿನ್ನ ಮದುವೆಗೂ ಹಾಗೆಯೇ ಮಾಡಿದ. ಹೊನ್ನಾಳಿಯ ಛತ್ರದ ಹೊಸಲು ಅವನದಲ್ಲವಲ್ಲ, ಬಂದ, ಧಾರೆ ಎರೆದ, ಉಂಡ, ಮಾತಾಡದೆ ಬಸ್ಸು ಹತ್ತಿದ. ಹೊಸದಾಗಿ ಮದುವೆಯಾದ ಹುಡುಗಿಯರೆಲ್ಲ ಆಷಾಢಕ್ಕೆ ತವರಿಗೆ ಬಂದರು, ನೀನು ಬರಲಿಲ್ಲ. ಪಂಚಮಿಗೆ ಬೇರೆಯವರ ಹೆಣ್ಣುಮಕ್ಕಳು ನಮ್ಮ ಹುಣಸೆಮರದ ಜೋಕಾಲಿ ಆಡಿದರು. ಹೆರಿಗೆ ಪ್ರೇಮಮ್ಮನ ಮನೆಯಲ್ಲಾಯಿತು. ತೊಟ್ಟಿಲಿಗೆ ಹಾಕುವ ದಿನ ಬೆಳ್ಳಿಯ ಉಡಿದಾರ ಕಳಿಸಿದ, ತಾನು ಬರಲಿಲ್ಲ. ನೀನೂ ಬಾಯಿಬಿಟ್ಟು ಕರೆಯಲಿಲ್ಲ. ಅದು ನಿನಗೆ ಬಿಟ್ಟದ್ದು, ನಾನು ತಪ್ಪು ಹಿಡಿಯುವುದಿಲ್ಲ. ಆದರೆ ನಿಮ್ಮಮ್ಮನ ಫೋನನ್ನು ಚಾರ್ಜಿಗೆ ಹಾಕುವ ಕೆಲಸ ಈಗ ನಿಮ್ಮಪ್ಪನದು, ಚಾರ್ಜು ತುಂಬಿದ ಮೇಲೂ ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇರುತ್ತಾನೆ ಎಂಬುದು ನಿನಗೆ ಗೊತ್ತಿರಲಿ. ಪುಟ್ಟಿ ಕೂರಲು ಕಲಿತ ವಿಡಿಯೋ ನೋಡಿ, "ತಲೆ ಗುಂಡಗೈತೆ, ನಮ್ಮ ಕಡೀದು" ಎಂದನಂತೆ. ನಾನು ಅವಳನ್ನು ಇನ್ನೂ ತೊಡೆಯ ಮೇಲೆ ಹಾಕಿಕೊಂಡಿಲ್ಲ. ಫೋನಿನ ಗಾಜನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಭಾರ ಗೊತ್ತಾಗುತ್ತದೆಯೆ?

ಈಗ ಹೊಸ ಸುದ್ದಿ. ಹೋದ ಶುಕ್ರವಾರ ಹೊರಬೀಡು ಎಂದು ಊರಿಗೆ ಸಾರಿದರು, ಡಂಗುರ ಓಣಿ ಓಣಿಗೂ ಹೋಯಿತು. ಡಂಗುರ ನನಗೆ ಕೇಳುವುದಿಲ್ಲ, ಎದೆಗೆ ಬಡಿಯುತ್ತದೆ. ಶನಿವಾರ ಇಮಾಮ್‌ಬೀ ಜಗಲಿಗೆ ಬಂದು ಕೂತಳು. ಅವಳು ಬಡಗಿ ಖಾಜಾಸಾಬರ ಹೆಂಡತಿ, ನನ್ನ ಎಡಗಿವಿಯ ಗೆಳತಿ ಎಂದು ಅಳಿಯಂದಿರಿಗೆ ಹೇಳು, ಬಲಗಿವಿಗೆ ಯಾವ ಗೆಳತಿಯೂ ಪ್ರಯೋಜನವಿಲ್ಲ. "ರಮ್ಯಾ ಬರ್ತಾಳೇನ್ರಿ?" ಎಂದಳು. "ಹೊಸಲು ತುಳಿಯಂಗಿಲ್ಲವಲ್ಲೇ" ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತ, ತಲೆ ಕೂಡ ಎತ್ತದೆ, "ಅಡವ್ಯಾಗೆ ಎಲ್ಲಿ ಹೊಸಲೈತೆ ಅಕ್ಕಾ?" ಎಂದಳು. ರಮ್ಯಾ, ಮೂರು ವರ್ಷ ನಾನು ನಿಮ್ಮಪ್ಪನ ಆ ಮಾತನ್ನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೆ. ನಿಮ್ಮಪ್ಪನಿಗೆ ಬುದ್ಧಿ ಹೇಳಿದ್ದೆ, ಬೈದಿದ್ದೆ, ಊಟ ಬಿಟ್ಟಿದ್ದೆ. ಇದು ಹೊಳೆದಿರಲಿಲ್ಲ. ಹೊರಬೀಡಿನ ದಿನ ಯಾರಿಗೂ ಮನೆಯಿಲ್ಲ. ಹೊಲಕ್ಕೆ ಯಾರೇ ಬಂದರೂ ಯಾರ ಕಡೆಯವರು ಎಂದು ಕೇಳದೆ ಎಲೆ ಹಾಕಬೇಕು, ಅದೂ ಆ ದಿನದ ಕಟ್ಟಳೆಯೇ. ಅದನ್ನು ಕಾಯುವವನೂ ನಿಮ್ಮಪ್ಪನೇ.

ಅವತ್ತು ಸಂಜೆಯೇ ಕೇಳಿದೆ. ಅವನು ಕೈಕಾಲು ತೊಳೆದು ಬಂದಿದ್ದ. "ಹೊರಬೀಡಿನ ದಿನ ನಮ್ಮ ಹೊಸಲು ಎಲ್ಲಿರ್ತೈತಪ್ಪ?" ಎಂದೆ. "ಎಲ್ಲಿರ್ತೈತೆ ಅಂದ್ರೆ? ಮನ್ಯಾಗೆ." "ಮತ್ತೆ ನಾವು?" "ಹೊಲದಾಗೆ." "ಹೊಲಕ್ಕೆ ಬಂದೋರು ನಮ್ಮ ಹೊಸಲು ತುಳಿದಂಗಾಯ್ತಾ?" ಅವನು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದ, ಒರೆಸಲು ನೀರೇ ಉಳಿದಿರಲಿಲ್ಲ. ಕೊನೆಗೆ, "ಅವ್ವ, ನೀನು ಕೋರ್ಟಿನಾಗಿರಬೇಕಿತ್ತು" ಎಂದು ಎದ್ದುಹೋದ. ಮಾರನೆಯ ದಿನ ಹೊಲದಲ್ಲಿ ಒಂದೇ ಸಾಲಿಗೆ ಎರಡು ಸಲ ಕುಂಟೆ ಹೊಡೆದ ಎಂದು ರೇವಣ್ಣ ವರದಿ ಮಾಡಿದ. ನಿಮ್ಮಪ್ಪ ಯೋಚಿಸುವಾಗ ಕೆಳದುಟಿ ಕಚ್ಚುತ್ತಾನಲ್ಲ, ಭಾನುವಾರವೆಲ್ಲ ಅದೇ.

ಭಾನುವಾರ ಸಂಜೆ ಜಗಲಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತ. ಎದುರಿನ ಕಟ್ಟೆಯ ಮೇಲೆ ರೇವಣ್ಣ ಮತ್ತು ಅವನ ಪರಿವಾರ. ಇವನು ಅತ್ತ ನೋಡುತ್ತ, ತುಟಿ ಮಾತ್ರ ಅಲ್ಲಾಡಿಸಿ ಏನೋ ಅಂದ. "ಏನಂದಿ?" ಎಂದೆ. ಇನ್ನೊಮ್ಮೆ ಅಂದ. "ಮಳೆ ಬರ್ತೈತಾ?" ಎಂದೆ. "ಮಳೆ ಅಲ್ಲವ್ವಾ." "ಮತ್ಯಾರು ಬರ್ತಾರೆ?" ಅವನು ನನ್ನ ಎಡಗಿವಿಗೆ ಬಾಯಿಟ್ಟು ಮೆಲ್ಲಗೆ ಅಂದ. ನಾನು ಕೈಯಾಡಿಸಿ, "ಗೊಣಗಬ್ಯಾಡ, ಬಿಡಿಸಿ ಹೇಳು" ಎಂದೆ. ಆಗ ಸಿಟ್ಟು ಬಂತು ನೋಡು, "ನಿನ್ ಮೊಮ್ಮಗಳು! ಹೊರಬೀಡಿಗೆ ಬರಾದಾದ್ರೆ ಬರ್ಲಿ ಅಂದೆ! ಹೊಲಕ್ಕೆ!" ಎಂದು ಕೂಗಿದ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರೂ ನಿಂತರು. ಕಟ್ಟೆಯ ಮೇಲಿದ್ದವರೆಲ್ಲ ಇತ್ತ ತಿರುಗಿದರು. ರೇವಣ್ಣ ಅಲ್ಲಿಂದಲೇ ಕೂಗಿ, "ಕೂಸ್ನೂ ಕರ್ಕಂಡು ಬರಾಕೇಳು ಜಯದೇವಣ್ಣ!" ಎಂದ. "ಕೂಸು ಬಿಟ್ಟು ಬರ್ತಾಳೇನಲೇ? ಬುದ್ಧಿ ಐತಾ ನಿಂಗೆ?" ಎಂದ ಇವನು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಹೊಲಕ್ಕೆ ಬಂದೋರಿಗೆ ಎಲೆ ಹಾಕ್ಲೇ ಬೇಕು, ಬರ್ಲಿ ಬಿಡ್ರಿ" ಎಂದರಂತೆ. ಸೀಟಿಯ ದಿನ ನಮ್ಮ ಬಾಗಿಲಿಗೆ ಬಂದವರಲ್ಲಿ ಮುಂದೆ ನಿಂತವರು ಅವರೇ. ಮೊದಲ ಸಲ ತುಟಿ ಅಲ್ಲಾಡಿಸಿದಾಗಲೇ ನನಗೆ ತಿಳಿದಿತ್ತು, ಹೆತ್ತ ಮಗನ ತುಟಿ ಓದಲು ಕಿವಿ ಬೇಕೆ? ಊರ ಎದುರು ಆಡಿದ ಮಾತಿನ ಪಕ್ಕದಲ್ಲಿ ಊರ ಎದುರೇ ಇನ್ನೊಂದು ಮಾತು ಕೂರಬೇಕಿತ್ತು, ಅಷ್ಟೇ. ಇದು ನಮ್ಮಿಬ್ಬರಲ್ಲೇ ಇರಲಿ.

ಇಷ್ಟಾದ ಮೇಲೆ ನಿಮ್ಮಮ್ಮ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಸೋಮವಾರ ನೋಡಿದರೆ ನಿನಗೆ ಬರಬೇಡ ಎಂದು ಹೇಳಿ, ಒಲೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾಳೆ. ನಿರ್ಮಲಾ, ಏನಮ್ಮ ಇದು ಎಂದೆ. ಅವಳು ನನ್ನ ಹತ್ತಿರ ಬಂದು, ಕಿವಿಯಲ್ಲಿ ಹೇಳಿದಳು, ಅಳುತ್ತ ಕೂಗಿ ಹೇಳುವುದು ಎಷ್ಟು ಕಷ್ಟ ಎಂದು ಅವಳ ಮುಖ ನೋಡಿದಾಗ ಗೊತ್ತಾಯಿತು. "ಅತ್ತೆ, ಹಗಲೆಲ್ಲ ಉಂಡು, ಕೂಸು ಆಡ್ಸಿ, ಸಂಜಿಗೆ ಎಲ್ರೂ ಊರೊಳಗೆ ಹೋಗೋವಾಗ ಅವ್ಳನ್ನ ಬೇಲಿ ಹತ್ರ ಬಿಟ್ಟು ಹೆಂಗ್ರಿ ಬರ್ಲಿ? ದನ ಒಳಗೆ ಹೋಗ್ತಾವೆ, ಕೋಳಿ ಒಳಗೆ ಹೋಗ್ತಾವೆ. ನನ್ ಮಗಳು ಹೊರಗೆ ನಿಂತಿರ್ತಾಳೆ. ಅದನ್ನ ನೋಡಾಕೆ ನನ್ ಕೈಲಾಗಲ್ಲ. ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ ಇರ್ತೀನಿ." ಅವಳು ನಿಮ್ಮಪ್ಪನನ್ನೂ ಕೇಳಿದಳಂತೆ, ಸಂಜೆಗೆ ಹೆಂಗೆ ಎಂದು. "ಹೊಲಕ್ಕೆ ಅಂದಿದೀನಿ. ಅಷ್ಟೇ ಅಂದಿರೋದು" ಎಂದನಂತೆ. ಅವನು ಒರಟಾಗಿ ಹೇಳಲಿಲ್ಲ, ತಲೆ ತಗ್ಗಿಸಿ ಹೇಳಿದ ಎಂದು ಅವಳೇ ಹೇಳಿದಳು. ತಗ್ಗಿದ ತಲೆಯಿಂದ ಅವಳಿಗೇನು ಸಮಾಧಾನ?

ಇದಿಷ್ಟು ಇದ್ದದ್ದು. ಅವಳು ಬೇಡವೆಂದದ್ದು ನೀನು ಬೇಡವಾಗಿ ಅಲ್ಲ. ನಾನು ನಿನಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಹಗಲಿನ ಮಟ್ಟಿಗೆ ಮಾತ್ರ ನಾನು ಭರವಸೆ ಕೊಡಬಲ್ಲೆ. ಸಂಜೆಯದು ನನಗೆ ಗೊತ್ತಿಲ್ಲ. ನಿಮ್ಮಮ್ಮ ಸಂಜೆಯನ್ನು ನೆನೆದು ಹಗಲನ್ನೇ ಬೇಡ ಎನ್ನುತ್ತಾಳೆ, ನನ್ನ ವಯಸ್ಸಿನವಳಿಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ಒಂದು ಹಗಲು ಪುಟ್ಟಿ ನನ್ನ ತೊಡೆಯ ಮೇಲಿದ್ದರೆ, ಅದು ನನಗೆ ಒಂದು ಹಗಲೇ, ಅರ್ಧವಲ್ಲ. ಬರುವ ಮನಸ್ಸು ಮಾಡಿದರೆ, ಸಂಜೆ ದನಗಳನ್ನು ಊರ ಕಡೆ ಹೊರಡಿಸುವ ಮುಂಚೆಯೇ ದಾವಣಗೆರೆಯ ಬಸ್ಸಿಗೆ ಹೊರಟುಬಿಡಬಹುದು. ಆಗ ಊರು ಒಳಗೆ ಹೋಗುವುದನ್ನು ನೀನೂ ನೋಡಬೇಕಿಲ್ಲ, ನಿಮ್ಮಮ್ಮನೂ ನಿನ್ನನ್ನು ಬೇಲಿಯ ಬಳಿ ಕಾಣಬೇಕಿಲ್ಲ. ರಾತ್ರಿಗೆ ಪ್ರೇಮಮ್ಮನ ಮನೆ ಮುಟ್ಟಿದರಾಯಿತು. ಅಳಿಯಂದಿರು ಜೊತೆಗಿದ್ದರೆ ನನಗೆ ಚಿಂತೆ ಇಲ್ಲ. ನಿನಗೆ ಇದು ಅವಮಾನ ಎನಿಸಿದರೆ ಬರಬೇಡ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ನಿನಗೆ ತಿಳಿಯಗೊಡುವುದಿಲ್ಲ. ಆದರೆ ನಿಮ್ಮಪ್ಪ ನಡೆದುಕೊಂಡು, ರೇವಣ್ಣ ಬೈಕು ತಳ್ಳಿಕೊಂಡು ಬರುವುದನ್ನು ಸಂತೆ ಸಂತೆಗೂ ನೋಡುವವಳು ನಾನು. ಬೈಕು ಹತ್ತಿಲ್ಲ, ನಿಜ. ಜೊತೆಯನ್ನೂ ಬಿಟ್ಟಿಲ್ಲವಲ್ಲ.

ಊಟದ ವಿಷಯ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ. ಹೊಲದ ಒಲೆಯಲ್ಲಿ ಹೋಳಿಗೆ ಬೇಯಿಸುವಾಗ ಗಾಳಿಗೆ ಬೂದಿ ಹಾರಿ ಮೇಲೆ ಬೀಳುತ್ತದೆ, ಅಳಿಯಂದಿರು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಖಾಜಾಸಾಬರ ಮನೆಯವರದು ನಮ್ಮ ಪಕ್ಕದ ಬೇವಿನ ಮರದ ಕೆಳಗೆ, ಇಮಾಮ್‌ಬೀ ಪುಟ್ಟಿಗೆಂದೇ ಆ ಕೌದಿ ಹೊಲಿಯುತ್ತಿದ್ದಾಳೆ, ನನಗೆ ಹೇಳಿಲ್ಲ, ಆದರೆ ಅಷ್ಟು ಚಿಕ್ಕ ಕೌದಿ ಇನ್ಯಾರಿಗೆ? ನೀನು ಕಳಿಸಿದ ಅನುವಾದದ ಕಾದಂಬರಿ ಮುಗಿಯಿತು. ಆ ಹಿಮದ ದೇಶದವರು ಒಬ್ಬರನ್ನೊಬ್ಬರು ಕ್ಷಮಿಸಲು ಎಷ್ಟೊಂದು ಪುಟ ತೆಗೆದುಕೊಳ್ಳುತ್ತಾರೆ! ಬರುವುದಾದರೆ ಅಂಥದೇ ಇನ್ನೊಂದು ತಾ. ಅಕ್ಷರ ದೊಡ್ಡದಿರಲಿ.

ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು, ಛತ್ರಿಯನ್ನೂ ನೆನಪಿಸು. ಪ್ರೇಮಮ್ಮನಿಗೆ ಫೋನು ಮಾಡಿದಾಗ ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಬಗ್ಗೆ ಗದರಿಸು, ನಾನು ಹೇಳಿದೆ ಎಂದು ಹೇಳಿ ಗದರಿಸು. ನಿನ್ನ ಮನೆಯಲ್ಲಿ ಹಾಲು ಉಕ್ಕುತ್ತಿರಲಿ, ನಿನ್ನ ಮಗಳು ನಿನ್ನಷ್ಟೇ ಹಟಮಾರಿಯಾಗಲಿ, ಅವಳ ಹಟ ನಿನಗೆ ಸಹಿಸಲು ಆಗುವಷ್ಟೇ ಇರಲಿ.

ನಿನ್ನ ಅಜ್ಜಿ
ಶಂಕ್ರಮ್ಮ

ತಾ.ಕ.: ಗುರುವಾರ ಬೆಳಗ್ಗೆ. ಅಂಟಿಸಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ, ಪೋಸ್ಟಿನವರು ಬರುವ ಹೊತ್ತಾಯಿತು. ಈಗ ಸ್ವಲ್ಪ ಹೊತ್ತಿನ ಮುಂಚೆ ಕೂತಿದ್ದ ನೆಲ ಅದುರಿದಂತಾಯಿತು. ಎದ್ದು ಹೋಗಿ ನೋಡಿದರೆ ಬಾಗಿಲಲ್ಲಿ ಖಾಜಾಸಾಬರು. ಹೊಸಲಿನ ಎರಡೂ ತುದಿ ಗರಗಸದಲ್ಲಿ ಕೊಯ್ದು ಹಾರೆಯಿಂದ ಮೀಟುತ್ತಿದ್ದಾರೆ. ನಾನು ಕೇಳುವ ಮೊದಲೇ ನಿಮ್ಮಪ್ಪ, "ಗೆದ್ಲು ಹಿಡಿದೈತೆ" ಎಂದ, ಈ ಸಲ ಮೊದಲ ಬಾರಿಗೇ ಗಟ್ಟಿಯಾಗಿ. ಖಾಜಾಸಾಬರು ಬೆವರು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿ, "ಒಂದೇ ಒಂದು ಗೆದ್ಲು ತೋರಿಸ್ರಿ ಅಮ್ಮಾ. ಕಬ್ಬಿಣ ಇದ್ದಂಗೈತೆ, ನನ್ ಗರಗಸದ ಹಲ್ಲು ಹೋದ್ವು" ಎಂದರು. ರೇವಣ್ಣ ಬಂದು, "ಹೊರಬೀಡು ಮುಂದಿಟ್ಕಂಡು ಹೊಸಲು ಕೀಳಿಸ್ತಾರೇನೋ ಮಾರಾಯ?" ಎಂದು ಶುರು ಮಾಡಿದವನು ನಿಮ್ಮಪ್ಪನ ಮುಖ ನೋಡಿ, ಆಮೇಲೆ ಹಾರೆಯ ಇನ್ನೊಂದು ತುದಿ ಹಿಡಿದ. ಹಳೆಯ ಹೊಸಲಿಗೆ ನಿಮ್ಮಮ್ಮ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು, ಮೂವರು ಗಂಡಸರು ಅದನ್ನು ಹೊತ್ತು ಹಿತ್ತಲಿಗೆ ಒಯ್ದರು. "ಬಾಗ್ಲ ಕೆಳಗೆ ಸಂದು ಬಿಟ್ಟು ಹೆಂಗ್ರಿ ಬೀಗ ಹಾಕಾದು? ನಾಯಿ ನುಗ್ತಾವೆ. ಇವತ್ತೇ ಹೊಸದು ಕೂರಿಸ್ರಿ" ಎಂದಳು ಅವಳು. ನಿಮ್ಮಪ್ಪ, "ಮರ ಹಸಿ ಐತೆ" ಎಂದ. ಖಾಜಾಸಾಬರು, "ಒಣ ಮರ ನಮ್ಮ ಅಂಗಳದಾಗೇ ಐತಲ್ಲ ಸಾಹುಕಾರ್ರೆ, ಮಧ್ಯಾಹ್ನಕ್ಕೇ ಕೂರಿಸ್ತೀನಿ" ಎಂದರು. "ಹೊರಬೀಡು ಮುಗೀಲಿ. ಬುಧವಾರ ಅಂದ್ರೆ ಬುಧವಾರ" ಎಂದ. ನಿಮ್ಮಮ್ಮ ಅವನನ್ನೇ ನೋಡುತ್ತ ನಿಂತಳು, ಆಮೇಲೆ ಒಳಗೆ ಓಡಿದಳು. ಈಗ ಅಟ್ಟದಿಂದ ತೊಟ್ಟಿಲು ಇಳಿಸುತ್ತಿದ್ದಾಳೆ. ಸಂಜೆಯ ಬಸ್ಸಿನ ವಿಷಯ ಮೇಲೆ ಬರೆದದ್ದನ್ನು ಹೊಡೆದುಹಾಕಿಕೋ. ಪುಟ್ಟಿಗೆ ಕಿವಿ ಮುಚ್ಚುವ ಟೋಪಿ ತಾ, ರಾತ್ರಿ ಇಲ್ಲಿ ಗಾಳಿ ಹೆಚ್ಚು.